ಮಾಸ್ತರರ ಭಯಂಕರ ಊರು

ಅಂಗಡಿಯಲ್ಲಿ ಮಾರುವ ಹೂಬತ್ತಿ ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಮೊಮ್ಮಗಳು ಒಂದು ಪೊಟ್ಟಣ ತಂದು ಮುಂದಿಟ್ಟಳು. ಬಿಚ್ಚಿ ನೋಡಿದರೆ ಒಂದಕ್ಕೊಂದು ಚೂರೂ ವ್ಯತ್ಯಾಸವಿಲ್ಲ. ಅದೇ ಹೊಟ್ಟೆ, ಅದೇ ಮೂಗು. ಯಾರು ಹೊಸೆದದ್ದೇ ಇದನ್ನು ಎಂದರೆ ಮಷೀನು ಎನ್ನುತ್ತಾಳೆ. ನಮ್ಮ ಕಾಲದಲ್ಲಿ ಬತ್ತಿ ನೋಡಿದರೆ ಹೊಸೆದವಳ ಸ್ವಭಾವ ತಿಳಿಯುತ್ತಿತ್ತು. ನಮ್ಮ ಚಿಕ್ಕಮ್ಮ ಕಾಕುವಿನ ಬತ್ತಿ ತೆಳ್ಳಗೆ, ನೆಟ್ಟಗೆ. ಅಜ್ಜಿಯ ಬತ್ತಿ ಗಿಡ್ಡ, ಬಲು ಬಿಗಿ. ಒಳಗೆ ಹೋಗಲು ಎಣ್ಣೆಯೂ ಅಂಜಬೇಕು. ನನ್ನದನ್ನು ಮಾತ್ರ ಬತ್ತಿ ಎಂದು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ, ಆ ಮಾತು ಬಿಡಿ.

ನಾನು ಗೊಣಗುವುದನ್ನು ಕೇಳಿ ಮೊಮ್ಮಗಳು ಕೈಯಲ್ಲಿದ್ದ ದಪ್ಪ ಕಾದಂಬರಿಯಿಂದ ತಲೆಯೆತ್ತಿದಳು. "ಅಜ್ಜಿ, ಈ ಪುಸ್ತಕದಾಗೂ ಹಂಗ ಅದ ನೋಡು. ಮುಂದ ಎಂದೋ ಬರೋ ಕಾಲ. ಮಂದಿ ಎಲ್ಲಾರೂ ಒಂದ ನಮೂನಿ. ಒಂದ ಅರಿವಿ, ಒಂದ ಮಾತು, ಒಂದ ವಿಚಾರ. ಯಾರರ ಬ್ಯಾರೆ ಇದ್ರ ಅವರನ್ನ ಮುಗಿಸಿಬಿಡ್ತಾರ. ಓದಾಕತ್ತಿದ್ರ ಮೈ ಜುಂ ಅಂತದ!"

ಇಷ್ಟು ಹೇಳಿದವಳು ವಾಸ ಮಾಡುವುದು ಎಲ್ಲಿ? ಶಕ್ತಿನಗರದ ಕ್ವಾರ್ಟರ್ಸಿನಲ್ಲಿ, ಸಾಲಿಗೆ ಸಾಲು ಒಂದೇ ನಮೂನೆಯ ಮನೆಗಳು. ಹೋದ ಸಲ ಅಲ್ಲಿಗೆ ಹೋದಾಗ ಸಂಜೆ ಗುಡಿಗೆ ಹೋಗಿ ಬಂದು, ಮನೆಯೊಳಗೆ ಹೊಕ್ಕು, ಕುರ್ಚಿಯಲ್ಲಿ ಕುಳಿತು, ಒಂದು ಕಪ್ಪು ಚಹಾ ಮಾಡೇ ಎಂದು ಕೂಗಿದೆ. ಪರದೆ ಮಾಸಿದೆ, ಒಗೆಯಬಾರದೇ ಎಂದು ಬೈದೆ. ಚಹಾ ಬಂತು. ಅರ್ಧ ಕುಡಿದ ಮೇಲೆ ಗೋಡೆಯ ಮೇಲಿನ ದೇವರು ಬೇರೆ ಎಂದು ಕಂಡಿತು. ಆ ಮನೆಯ ಹುಡುಗಿ ಪಾಪ, ನನ್ನನ್ನು ತನ್ನ ಅತ್ತೆಯ ಕಡೆಯ ಯಾರೋ ಹಿರಿಯರು ಎಂದುಕೊಂಡಿದ್ದಳಂತೆ. ಬೈದ ರೀತಿ ಹಾಗೇ ಇತ್ತಂತೆ.

ಅದಿರಲಿ. ಎಲ್ಲರೂ ಒಂದೇ ಅಚ್ಚಿನಲ್ಲಿ ಇರುವ ಊರಿನ ಕಥೆ ಹೇಳಿ ನನ್ನನ್ನು ಹೆದರಿಸುವ ಕೆಲಸಕ್ಕೆ ಯಾರೂ ಬರಬೇಡಿ. ಅಂಥ ಊರೊಂದನ್ನು ಕಟ್ಟಿದ ಮಹಾನುಭಾವರನ್ನೇ ನಾನು ಕಟ್ಟಿಕೊಂಡದ್ದು. ಆ ಊರಿನಿಂದ ನನ್ನ ಜೀವ ಬಾಯಿಗೆ ಬಂದಿತ್ತು. ಹೇಗೆಂದರೆ ಕೇಳಿ.

ನಲವತ್ತರ ದಶಕದ ಮಾತು, ನನ್ನ ಮದುವೆಯ ಕಾಲ. ಎಲ್ಲೋ ಯುದ್ಧ ನಡೆದಿತ್ತು, ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ರಾಯಚೂರು ಸೀಮೆ ನಿಜಾಮರದು. ನಾವಿದ್ದದ್ದು ಮಾನವಿಯಲ್ಲಿ, ಅಪ್ಪ ಗುಡಿಯ ಅರ್ಚಕರು. ಅವರಿಗೆ ಒಂದರ ಹಿಂದೆ ಒಂದು ಹೆಣ್ಣೇ ಹುಟ್ಟುತ್ತ ಬಂದು, ಐದನೆಯದಾಗಿ ನಾನು ಹುಟ್ಟಿದೆ. ಅಜ್ಜಿಗೆ ತಲೆ ಕೆಟ್ಟುಹೋಯಿತು. ತೊಟ್ಟಿಲಿಗೆ ಹಾಕುವ ದಿನ ನನ್ನ ಕಿವಿಯಲ್ಲಿ "ಸಾಕವ್ವ" ಎಂದಳು. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ಹೇಳಿ ಕಳಿಸುವುದು, ಅದಕ್ಕೆ ನಾನು ಸಾಧನ. ಹೀಗೆ ಹೆಸರಿಡುವ ಪದ್ಧತಿ ಆಗೆಲ್ಲ ಊರೂರಲ್ಲಿತ್ತು. ದುರ್ದೈವವೆಂದರೆ ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ಹೆಸರು ಫಲಿಸಿತು ಎಂದು ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಲ್ಲಿಗೆ ಆ ಹೆಸರು ನನಗೆ ಅಂಟಿಯೇಬಿಟ್ಟಿತು.

ನೀವು ನಗಬಹುದು. ನನ್ನ ಜಾಗದಲ್ಲಿ ನಿಂತು ನೋಡಿ. ಯಾರ ಮನೆಗೆ ಹೋದರೂ, ಹೆಸರೇನವ್ವಾ ಎನ್ನುವರು. ಹೇಳಿದರೆ ಮುಖ ನೋಡಿ, "ಎಷ್ಟನೇಕಿ ನೀನು?" ಎನ್ನುವರು. ಅಕ್ಕಂದಿರಲ್ಲಿ ಒಬ್ಬಳು ರುಕ್ಮಿಣಿ, ಒಬ್ಬಳು ಜಾನಕಿ. ಅವರನ್ನು ಯಾರೂ ಎಷ್ಟನೆಯವಳು ಎಂದು ಕೇಳಿದ್ದು ನಾನು ಕಾಣೆ. ದಿನಕ್ಕೆ ಎಷ್ಟು ಸಲ ಕರೆಯುತ್ತಾರೋ ಅಷ್ಟು ಸಲ, ನೀನು ಬೇಡವಾಗಿತ್ತು ಎಂದು ಹೇಳಿದ ಹಾಗೆ ಆಗುತ್ತಿತ್ತು ನನಗೆ. ಅವರ್ಯಾರಿಗೂ ಹಾಗೆ ಅನಿಸುತ್ತಿರಲಿಲ್ಲ ಎನ್ನುವುದೇ ನನ್ನ ಸಂಕಟ.

ನನಗಿದ್ದದ್ದು ಒಂದೇ ಆಸೆ. ನಮ್ಮಲ್ಲಿ ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಅದರಲ್ಲಿ ಗಂಡ ಬಂಗಾರದ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹಳೆಯ ಹೆಸರು ಹೋಯಿತು. ಬೇರೆ ಹುಡುಗಿಯರು ಮದುವೆಯೆಂದರೆ ಸೀರೆ, ಬಂಗಾರ ಎನ್ನುತ್ತಿದ್ದರು. ನನ್ನ ಕಣ್ಣೆಲ್ಲ ಆ ಅಕ್ಕಿಯ ತಾಟಿನ ಮೇಲೆ.

ವರನೂ ದೂರದವರೇನಲ್ಲ. ಕಾಕು ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಆಕೆಯ ತವರು ದೇವದುರ್ಗ. ಆಕೆಯ ತಮ್ಮ ಶೇಷಗಿರಿ ರಾಯಚೂರಿನ ಒಂದು ಶಾಲೆಯಲ್ಲಿ ಮಾಸ್ತರು, ಉರ್ದುವಿನಲ್ಲಿ ಗಣಿತ ಹೇಳುವುದು, ಕನ್ನಡದಲ್ಲಿ ಕಥೆ ಬರೆಯುವುದು. ಎರಡೂ ಕೇಳುವವರಿಗೆ ತಿಳಿಯುತ್ತಿರಲಿಲ್ಲ ಎಂದು ನನ್ನ ಅಂದಾಜು. ಮಾತುಕತೆ ಮುಗಿದು ದೇವದುರ್ಗದಿಂದ ನನ್ನ ಅತ್ತೆಯಾಗುವವರು ಬಂದು ನನ್ನನ್ನು ನೋಡಿದರು. ಹೆಸರು ಕೇಳಿದರು, ಹೇಳಿದೆ. "ಇರಲಿ ಬಿಡ್ರಿ. ನಮ್ಮ ಶೇಷಗಿರಿಗೆ ಪದ್ಮಾವತಿ ಅಂತ ಇದ್ರನ ಹೊಂದತದ. ಹಂಗಂತ ಬರಸೋಣು" ಎಂದರು.

ಪದ್ಮಾವತಿ! ತಿರುಪತಿ ತಿಮ್ಮಪ್ಪನ ಹೆಂಡತಿಯ ಹೆಸರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಾಕು ನನಗೆ ಓದು ಬರಹ ಕಲಿಸಿದ್ದಳು. ಪಾತ್ರೆ ತಿಕ್ಕುವಾಗ ಬೂದಿಯಲ್ಲಿ ಬರೆದೆ, ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಬರೆದೆ, ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಬರೆದೆ. ದ ಕೆಳಗೆ ಮ ಒತ್ತಾಗಿ ಹೇಗೆ ಕೂಡುತ್ತದೆ ಎಂದು ನೋಡುತ್ತ ಕೂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಬೈಸಿಕೊಂಡೆ, ಬೇಜಾರಾಗಲಿಲ್ಲ, ಬೈಸಿಕೊಂಡವಳು ಸಾಕವ್ವ ತಾನೆ.

ಆ ವರ್ಷ ಅಜ್ಜಿ ಲಕ್ಷಬತ್ತಿಯ ವ್ರತ ಹಿಡಿದಿದ್ದಳು. ಚಾತುರ್ಮಾಸ್ಯ ಮುಗಿಯುವುದರೊಳಗೆ ಲಕ್ಷ ಬತ್ತಿ ಹೊಸೆದು ದೇವರ ಮುಂದೆ ಉರಿಸಬೇಕು. ಒಬ್ಬಳಿಂದ ಆಗುವ ಕೆಲಸವೇ ಅದು? ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಸೇರಿ, ಮೊಣಕಾಲಿನ ಮೇಲೆ ಅರಳೆ ಹಿಡಿದು ಹೊಸೆಯುತ್ತಿದ್ದರು. ಕೈಗೆ ಕೆಲಸವಿದ್ದರೆ ಕಿವಿಗೂ ಏನಾದರೂ ಬೇಕಲ್ಲ. ನಿಜಾಮರ ರಾಜ್ಯದಲ್ಲಿ ಶಾಲೆಗೆ ಶುಕ್ರವಾರ ರಜೆ. ಮಾಸ್ತರು ಅಕ್ಕನನ್ನು ನೋಡುವ ನೆವದಲ್ಲಿ ರಾಯಚೂರಿನಿಂದ ಇದ್ದಿಲ ಬಸ್ಸು ಹತ್ತಿ ಬರುತ್ತಿದ್ದರು. ಬಂದವರು ಪಡಸಾಲೆಯಲ್ಲಿ ಹೊಸ್ತಿಲ ಆಚೆ ಕುಳಿತು, ತಾವು ಬರೆಯುತ್ತಿದ್ದ ಕಥೆ ಓದಿ ಹೇಳುವುದು ಎಂದು ಕಾಕು ಗೊತ್ತುಮಾಡಿದಳು. ನಾನು ಮದುವೆ ಗೊತ್ತಾದ ಹುಡುಗಿ, ಎದುರಿಗೆ ಬರುವಂತಿಲ್ಲ. ಕಂಬದ ಹಿಂದೆ ಕೂತು ಕೇಳುತ್ತಿದ್ದೆ.

ಕಥೆ ಬಹಳ ಭಯಂಕರವಾಗಿದೆ, ಹೆಣ್ಣುಮಕ್ಕಳು ಹೆದರಬಾರದು ಎಂದು ಮಾಸ್ತರು ಮೊದಲೇ ಹೇಳಿದರು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಮುಂದೆ ಎಂದೋ ಬರಲಿರುವ ಕಾಲದ ಒಂದು ಊರು. ಆ ಊರಿನಲ್ಲಿ ನಸುಕಿನಲ್ಲಿ ಒಂದು ಗಂಟೆ ಹೊಡೆಯುತ್ತದೆ. ಅದು ಕೇಳಿದ ಮೇಲೆ ಒಬ್ಬರೂ ಹಾಸಿಗೆಯಲ್ಲಿ ಇರಕೂಡದು!" ಎಂದು ಓದಿ, ಯಾರಾದರೂ ಹೌಹಾರುತ್ತಾರೇನೋ ಎಂದು ಸ್ವಲ್ಪ ನಿಂತರು.

"ಗಂಟಿ ಹೊಡದ ಮ್ಯಾಲ ಏಳ್ತಾರಂತ?" ಎಂದಳು ಅಜ್ಜಿ. "ಆಮ್ಯಾಲ ಎದ್ದು ನೀರು ಸೇದೂದ್ಯಾವಾಗ, ಮಡಿ ಉಡೂದ್ಯಾವಾಗ? ಆ ಊರ ಹೆಣ್ಮಕ್ಕಳು ಭಾಳ ಮೈಗಳ್ಳರು ಇದ್ದಂಗ ಕಾಣತದ."

ಮಾಸ್ತರು ಸಾವರಿಸಿಕೊಂಡರು. "ಕೇಳ್ರಿ ಮುಂದ. ಊರಿಗೆಲ್ಲ ಒಂದೇ ಅಪ್ಪಣೆ. ಒಂದು ತಿಂಗಳು ಯಾರೂ ಕಾಯಿಪಲ್ಯ ತಿನ್ನಕೂಡದು. ಮರುತಿಂಗಳು ಮೊಸರು ಮುಟ್ಟಕೂಡದು..."

ಹೆಂಗಸರು ಮುಖ ಮುಖ ನೋಡಿಕೊಂಡರು. ಕಾಕು ಸೆರಗು ಬಾಯಿಗೆ ಒತ್ತಿಕೊಂಡು, "ಲೇ ಶೇಷಾ, ಚಾತುರ್ಮಾಸ್ಯ ಅಲ್ಲೇನೋ ಅದು?" ಎಂದಳು. ಅಂದು ನಮ್ಮ ಮನೆಯಲ್ಲಿ ಮೊಸರಿಲ್ಲದ ಊಟ ಮುಗಿಸಿಯೇ ಅವರು ಕಥೆಗೆ ಕೂತಿದ್ದರು. ಅಜ್ಜಿ ಬಿಡುವವಳಲ್ಲ. "ಮೂರನೇ ತಿಂಗಳು ಹಾಲು ಬಿಡಸ್ಯಾನೋ ಇಲ್ಲೋ ನಿಮ್ಮ ರಾಜ? ಬಿಡಸಿಲ್ಲಂದ್ರ ಆತಗ ಶಾಸ್ತ್ರ ಪೂರಾ ಗೊತ್ತಿಲ್ಲ ಮಾಸ್ತರ, ಯಾರರ ಬಲ್ಲವರನ್ನ ಕೇಳಂತ ಹೇಳ್ರಿ."

ಮುಂದಿನ ಶುಕ್ರವಾರ ಅವರು ಇನ್ನೂ ಕ್ರೂರವಾದದ್ದನ್ನು ಹೊಂಚಿಕೊಂಡು ಬಂದರು. ವರ್ಷಕ್ಕೊಮ್ಮೆ ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಲೋಹದ ಮುದ್ರೆಯನ್ನು ಬೆಂಕಿಯಲ್ಲಿ ಕಾಯಿಸಿ ಮೈಮೇಲೆ ಒತ್ತುತ್ತಾರೆ ಎಂದು ಓದಿದರು. ದನಿಯೂ ನಡುಗಿತು. ಅಜ್ಜಿ ಬತ್ತಿ ಕೆಳಗಿಟ್ಟು, ತೋಳಿನ ಮೇಲಿನ ಸೀರೆ ಸರಿಸಿದಳು. "ಇಲ್ನೋಡ್ರಿ. ಮಠದ ಸ್ವಾಮಿಗಳು ಬಂದಾಗ ಹಾಕಸ್ಕೊಂಡ ಮುದ್ರಿ. ಒಂದೀಟು ಚುರ್ ಅಂತದ, ಆಮ್ಯಾಲ ಏನಿಲ್ಲ. ಆಷಾಢದ ಏಕಾದಶಿಗೆ ನಿಮಗ ಆಗಿಲ್ಲೇನು?" ಆಗಿತ್ತು. ಮಾಸ್ತರರ ಅಂಗಿಯ ಕೆಳಗೆ ಶಂಖವೂ ಇತ್ತು, ಚಕ್ರವೂ ಇತ್ತು. ಭಯಂಕರವಾದ ಊರನ್ನು ಅವರು ತಲೆಯಿಂದ ಕಟ್ಟುತ್ತಿದ್ದೇನೆ ಎಂದುಕೊಂಡಿದ್ದರು. ಅವರ ತಲೆಯಲ್ಲಿ ಇದ್ದದ್ದು ನಮ್ಮ ಓಣಿ.

"ಅವ್ವಾರ, ಅದು ಕೆಟ್ಟ ಊರ್ರಿ!" ಎಂದು ಕೊನೆಗೆ ಅವರು ಕೂಗಿಯೇಬಿಟ್ಟರು. "ಅಲ್ಲಿ ಯಾರೂ ತಮ್ಮಂಗ ತಾವು ಇರಂಗಿಲ್ಲ. ಒಬ್ಬರಂಗ ಇನ್ನೊಬ್ಬರು. ಉಡೂದು ಒಂದ, ಉಣ್ಣೂದು ಒಂದ! ಒಬ್ಬ ಹುಡುಗ ಮಾತ್ರ ಎಲ್ಲಾರ ಎದುರಿಗೆ ನಿಲ್ತಾನ!"

ಚೀಕಲಪರ್ವಿಯ ಹುಸೇನವ್ವ ಅರಳೆ ತಂದು ಕೊಟ್ಟು ಹೋಗುವವಳು, ಅಂಗಳದ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಜೋಳಕ್ಕೆ ತತ್ವಾರ ಬಿದ್ದಿದ್ದ ದಿನಗಳು ಅವು. "ಯಪ್ಪಾ, ಆ ಊರಾಗ ಎಲ್ಲಾರಿಗೂ ಊಟ ಐತೇನ್ರಿ?" ಎಂದಳು.

"ಅದ. ಆದ್ರ ಎಲ್ಲಾರಿಗೂ ಒಂದ ಥರದ್ದು."

"ನಮ್ಮಂಥಾರಿಗೂ?"

"ಎಲ್ಲಾರಿಗೂ ಅಂದ್ನಲ್ಲವ್ವಾ."

"ಹಂಗಾರ ಅಲ್ಲಿಗೆ ಯಾ ಬಸ್ಸು ಹೊಕ್ಕೈತಿ ಹೇಳ್ರಿ, ನಾಳಿನ ಗಂಟು ಕಟ್ತೀನಿ."

ಮಾಸ್ತರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಗುಡಿಯಿಂದ ಅಪ್ಪ ಬಂದರು. ಅವರದು ಇನ್ನೊಂದು ತಕರಾರು. "ಮಾಸ್ತರ, ನಿಮ್ಮ ಊರು ಸಿದ್ಧಾಂತಕ್ಕ ವಿರೋಧ. ಒಂದು ಜೀವದಂಗ ಇನ್ನೊಂದು ಜೀವ ಇರೂದಿಲ್ಲ. ಇಲ್ಲಷ್ಟ ಅಲ್ಲ, ಮೋಕ್ಷದಾಗೂ ಇರೂದಿಲ್ಲ. ಒಬ್ಬೊಬ್ಬರ ಆನಂದನೂ ಬ್ಯಾರೆ ಬ್ಯಾರೆ." ಇದನ್ನು ಹೇಳುತ್ತ ಹೇಳುತ್ತಲೇ ನನ್ನ ತಮ್ಮನನ್ನು ಹತ್ತಿರ ಕರೆದು, ಅವನ ಹಣೆಯ ಮೇಲಿನ ಅಂಗಾರದ ಕರಿ ಗೆರೆ ತಮ್ಮ ಹಣೆಯದರ ಹಾಗೆ ನೆಟ್ಟಗಿಲ್ಲ ಎಂದು ಕಿವಿ ಹಿಂಡಿದರು. ನನಗೆ ಇವತ್ತಿಗೂ ನಮ್ಮ ಜನ ಅರ್ಥವಾಗುವುದಿಲ್ಲ. ಯಾವ ಎರಡು ಜೀವವೂ ಒಂದೇ ಅಲ್ಲ ಎಂದು ಗ್ರಂಥಗಟ್ಟಲೆ ವಾದ ಮಾಡಿದವರು, ಒಂದು ಗೆರೆ ಸೊಟ್ಟಗಾದರೆ ಊಟಕ್ಕೆ ಹಾಕುವುದಿಲ್ಲ.

ಅಲ್ಲಿಗೆ ಕಥೆ ಬಿಟ್ಟಿದ್ದರೆ ನನ್ನ ಪಾಡಿಗೆ ನಾನು ಸುಖವಾಗಿರುತ್ತಿದ್ದೆ. ಬರೆಯುವವರ ಹಟ ನಿಮಗೆ ಗೊತ್ತಲ್ಲ. ನಮ್ಮ ಅಜ್ಜಿಯನ್ನು ಒಂದು ಸಲವಾದರೂ ಹೆದರಿಸದೆ ಬಿಡುವುದಿಲ್ಲ ಎಂದು ಅವರು ಪಣ ತೊಟ್ಟಂತಿತ್ತು. ವ್ರತ ಮುಗಿಯಲು ಬಂದಿತ್ತು, ಬುಟ್ಟಿಗಳಲ್ಲಿ ಬತ್ತಿ ತುಂಬಿತ್ತು. ಮಾಸ್ತರು ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದು, ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಕೂತರು. ಈ ಸಲ ಪೀಠಿಕೆ ಹಾಕಲಿಲ್ಲ.

"ಆ ಊರಿನಲ್ಲಿ ಹೆಣ್ಣಿಗೆ ಮದುವೆಯಾದ ದಿನ ಅವಳ ಹೆಸರನ್ನು ಅಳಿಸುತ್ತಾರೆ. ಗಂಡನ ಮನೆಯವರು ತಮಗೆ ಬೇಕಾದ ಹೆಸರು ಕೊಡುತ್ತಾರೆ. ಹಳೆಯ ಹೆಸರಿನಿಂದ ಅವಳನ್ನು ಕರೆಯುವವರು ಒಬ್ಬೊಬ್ಬರಾಗಿ ಸತ್ತುಹೋಗುತ್ತಾರೆ. ಕೊನೆಗೊಂದು ದಿನ ಆ ಹೆಸರಿನ ಹುಡುಗಿ ಇದ್ದಳೆಂಬುದು ಯಾರಿಗೂ ನೆನಪಿರುವುದಿಲ್ಲ."

ಅಜ್ಜಿ ಏನಾದರೂ ಅನ್ನುತ್ತಾಳೆ ಎಂದು ನಾನು ಕಾದೆ. ಹೊಸೆಯುವ ಕೈಗಳು ನಿಂತಿದ್ದವು. ಹೆಸರು ಅಳಿಸುವುದೂ ನಮ್ಮಲ್ಲಿ ಇದ್ದದ್ದೇ. ಆದರೆ ಈ ಸಲ ಯಾರೂ ಹಾಗೆಂದು ಹೇಳಲಿಲ್ಲ.

"ನನ್ನ ಹೆಸರು ತುಳಸಿ ಇತ್ತು" ಎಂದಳು ಕಾಕು. ತಮ್ಮನ ಕಡೆ ನೋಡಿ, "ನೆನಪದ ಏನೋ ಶೇಷಾ? ತುಳಸಕ್ಕಾ ಅಂತ ಹಿತ್ತಲದಾಗಿಂದ ಒದರ್ತಿದ್ದಿ" ಎಂದು ನಗಲು ಹೋದಳು, ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಆಕೆಯನ್ನು ಸುಭದ್ರಾ ಎಂದೇ ತಿಳಿದಿದ್ದೆ.

ಅಜ್ಜಿ ಕೈಯಲ್ಲಿದ್ದ ಬತ್ತಿಯನ್ನು ಬುಟ್ಟಿಗೆ ಹಾಕಿದಳು. "ನಂದು ಗೋದಿ. ಗೋದಾವರಿ. ನಮ್ಮಪ್ಪ ಗೋದೂ ಅಂತಿದ್ದ. ಈಗ ಕರಿಯೋರು ಯಾರೂ ಉಳದಿಲ್ಲ." ಆಕೆಯ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ಮಾಸ್ತರರ ಮೇಲೆ ಬಹಳ ಗೌರವ ಮೂಡಿತು.

ಮೂಡಿದ್ದು ಉಳಿಯಬೇಕಲ್ಲ? ಅವರು ಎದ್ದು ನಿಂತರು. ಎದೆಯ ಮೇಲೆ ಕೈಯಿಟ್ಟು, "ಅಕ್ಕಾ, ಅವ್ವಾರ, ಎಲ್ಲಾರ ಮುಂದ ಹೇಳಾಕತ್ತೀನಿ ಕೇಳ್ರಿ. ನನ್ನ ಹೆಂಡತಿ ಹೆಸರು ನಾ ಅಳಸೂದಿಲ್ಲ. ಆಕಿ ಯಾವ ಹೆಸರಿಲೆ ಹುಟ್ಟಿ ಬೆಳದಾಳೋ ಅದನ್ನ ಅಕ್ಕಿಯೊಳಗ ಬರಿತೀನಿ" ಎಂದುಬಿಟ್ಟರು.

ಹೋಯಿತು ನನ್ನ ಪದ್ಮಾವತಿ. ನಡುಮನೆಯ ಹೆಂಗಸರೆಲ್ಲ ಕಂಬದ ಕಡೆ ತಿರುಗಿ ನನ್ನನ್ನು ನೋಡಿದರು, ದೇವಿಯನ್ನು ನೋಡಿದ ಹಾಗೆ. ಅಜ್ಜಿ ಕಣ್ಣೊರೆಸಿಕೊಂಡು, "ಪುಣ್ಯವಂತಿ ನಮ್ಮ ಸಾಕವ್ವ" ಎಂದಳು. ತನ್ನ ಗೋದಾವರಿಗಾಗಿ ಅತ್ತವಳು, ನನ್ನನ್ನು ತೊಟ್ಟಿಲಲ್ಲಿ ಹಾಕಿ ಸಾಕು ಎಂದವಳು, ಇಬ್ಬರೂ ಒಬ್ಬಳೇ! ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ಸಂಜೆ ಕಾಕುವನ್ನು ಹಿತ್ತಲಲ್ಲಿ ಹಿಡಿದೆ. "ಕಾಕು, ನನಗ ಪದ್ಮಾವತಿ ಬೇಕು."

"ಹುಚ್ಚಿ! ನಿನ್ನ ಸಲುವಾಗಿ ಆತ ನಮ್ಮವ್ವನ್ನ ಎದುರು ಹಾಕ್ಕೊಳ್ಳಾಕತ್ತಾನ."

"ನನ್ನ ಸಲುವಾಗಿ ಅಲ್ಲ. ಆ ಊರಿನ ಸಲುವಾಗಿ. ನನ್ನ ಒಂದು ಮಾತು ಕೇಳಿಲ್ಲ ಅವರು."

"ಸಾಕವ್ವ ಅಂದ್ರ ಏನಾತವಾ? ನಮಗೆಲ್ಲಾ ರೂಢಿ ಆಗೇದ."

"ನನಗ ಆಗಿಲ್ಲ."

ಕಾಕುವಿಗೆ ನನ್ನ ಮೇಲೆ ಸಿಟ್ಟು ಬಂತು. ತುಳಸಿಯಂಥ ಹೆಸರು ಕಳೆದುಕೊಂಡವಳಿಗೆ ನನ್ನ ಮಾತು ಹೇಗೆ ತಿಳಿದೀತು? ಅಪ್ಪನ ಹತ್ತಿರ ಹೋದೆ. ಹೆಸರು ದೇಹಕ್ಕೇ ಹೊರತು ಜೀವಕ್ಕಲ್ಲ ಎಂದು ಹೇಳಿ ಅವರು ಗಂಧ ತೇಯುವುದನ್ನು ಮುಂದುವರಿಸಿದರು. ಮಾಸ್ತರರಿಗೇ ಹೇಳೋಣವೆಂದರೆ ಮದುವೆಗೆ ಮುಂಚೆ ಅವರೊಡನೆ ಮಾತಾಡುವುದುಂಟೇ? ಅವರಿಗೋ ಹೆಸರು ಎಂಬ ದೊಡ್ಡ ವಿಚಾರದ ಮುಂದೆ ನನ್ನ ಹೆಸರಿನ ಕಡೆ ಗಮನವೇ ಇರಲಿಲ್ಲ. ಹೀಗೆ ಎಲ್ಲರೂ ನನ್ನ ಒಳ್ಳೆಯದಕ್ಕಾಗಿ ಟೊಂಕ ಕಟ್ಟಿ ನಿಂತರು, ನನಗೆ ಅತ್ತ ಹೋಗಲೂ ದಾರಿಯಿಲ್ಲ, ಇತ್ತ ಬರಲೂ ದಾರಿಯಿಲ್ಲ.

ಮದುವೆ ಮಾನವಿಯಲ್ಲಿ ಆಯಿತು. ಮರುದಿನ ದೇವದುರ್ಗಕ್ಕೆ ಹೊರಟೆವು. ಕವಿತಾಳ ದಾಟುವುದರೊಳಗೆ ಬಸ್ಸು ಕೆಮ್ಮಿ ನಿಂತಿತು. ಕ್ಲೀನರನ ಜೊತೆ ಮಾಸ್ತರೂ ಇಳಿದು, ಪೇಟ ಸರಿಸಿಕೊಂಡು, ಬಸ್ಸಿನ ಹಿಂದಿದ್ದ ಇದ್ದಿಲ ಒಲೆಗೆ ಗಾಳಿ ಹಾಕುವ ಚಕ್ರ ತಿರುವಿದರು. ಹೊಗೆ ತಿರುಗಿ ಒಳಗೇ ಬಂತು. ಈಗಲಾದರೂ ಒಂದು ಮಾತು ಹೇಳೋಣವೆಂದು ನಾನು ಕಿಟಕಿಯಿಂದ ಇಣುಕಿದೆ. ಅವರ ಸೋದರತ್ತೆಯೊಬ್ಬರು ನನ್ನ ಪಕ್ಕದಲ್ಲಿ ತೂಕಡಿಸುತ್ತ ಕೂತವರು, ತಟ್ಟನೆ ಎಚ್ಚರಾಗಿ ಸೆರಗು ಎಳೆದು ಕೂರಿಸಿದರು. ಮಸಿ ಮೆತ್ತಿದ ಮುಖದಲ್ಲಿ ದೇವದುರ್ಗದಲ್ಲಿ ಇಳಿದೆ. ಮದುಮಗಳು ಬಣ್ಣ ಸ್ವಲ್ಪ ಕಮ್ಮಿ ಎಂದು ಯಾರೋ ಪಿಸುಗುಟ್ಟಿದ್ದೂ ಕಿವಿಗೆ ಬಿತ್ತು.

ಮನೆ ತುಂಬ ಜನ. ಪಡಸಾಲೆಯಲ್ಲಿ ಹಿತ್ತಾಳೆಯ ತಾಟು, ಅದರ ತುಂಬ ಬಿಳಿ ಅಕ್ಕಿ. ಅತ್ತೆಯವರು ಉಂಗುರ ಕೊಟ್ಟು, "ಬರಿಯಪ್ಪಾ, ಪದ್ಮಾವತಿ ಅಂತ" ಎಂದರು. ಮಾಸ್ತರು ಯಾರನ್ನೂ ನೋಡಲಿಲ್ಲ. ಅಕ್ಕಿಯ ಮೇಲೆ ಉಂಗುರ ಊರಿ ಮೊದಲ ಅಕ್ಷರ ಎಳೆದರು. ಅದು ಪ ಅಲ್ಲ. ಕಾಗುಣಿತ ಕಲಿತದ್ದಕ್ಕೆ ನಾನು ಶಾಪ ಹಾಕಿಕೊಂಡೆ. ದುಂಡಗೆ, ಮುದ್ದಾಗಿ, ಶಾಲೆಯ ಹಲಗೆಯ ಮೇಲೆ ಬರೆದಂತೆ ಪೂರ್ತಿ ಬರೆದು, ನನ್ನ ಕಡೆ ನೋಡಿ ಮುಗುಳ್ನಕ್ಕರು.

"ಏನಂತ ಬರದಾನ?" ಎಂದಳು ಕಣ್ಣು ಕಾಣದ ಒಬ್ಬ ಮುದುಕಿ.

"ಸಾಕವ್ವ ಅಂತ" ಎಂದರು ಇನ್ನೊಬ್ಬರು.

ಹಿಂದಿನಿಂದ ಮತ್ತೊಬ್ಬರು ಕೇಳಿಯೇಬಿಟ್ಟರು: "ಹೌದೇನು! ಎಷ್ಟನೇಕಿ ಈಕಿ?"

ಕಿಸಕ್ಕೆಂದು ನಾಲ್ಕಾರು ಜನ ನಕ್ಕರು. ಮಾನವಿಯಿಂದ ಅಷ್ಟು ದೂರ ಹೊಗೆ ಕುಡಿಯುತ್ತ ಬಂದರೂ ಆ ಪ್ರಶ್ನೆ ನನಗಿಂತ ಮುಂಚೆ ಬಂದು ಕೂತಿತ್ತು. ಆಮೇಲೆ ಏನಾಯಿತೋ, ನನ್ನ ಕೈ ಮುಂದೆ ಹೋಗಿ ತಾಟಿನ ಅಕ್ಕಿಯನ್ನು ಸವರಿತು. ಬರೆದದ್ದು ಅಳಿಸಿಹೋಯಿತು. ಪುರೋಹಿತರು ಹಾಂ ಎಂದರು. ಮಾಸ್ತರರ ಮುಖ ಬಿಳಿಚಿತು.

"ಯಾಕ?" ಎಂದರು ಮೆಲ್ಲಗೆ. "ನಿನ್ನ ಹೆಸರು ನಿನಗ ಉಳಿಸೀನಲ್ಲ?"

ಅವರೊಡನೆ ನಾನಾಡಿದ ಮೊದಲ ಮಾತು ಅಂದೇ ಆಡಿದ್ದು. ಸಣ್ಣ ದನಿಯಲ್ಲಿ ಆಡಬೇಕೆಂದಿದ್ದೆ, ಸಿಟ್ಟಿಗೆ ದೊಡ್ಡದಾಗಿಯೇ ಬಂತು. "ನಿಮಗ ಶೇಷಗಿರಿ ಅಂತ ದೇವರ ಬೆಟ್ಟದ ಹೆಸರಿಟ್ಟಾರ. ಅದಕ್ಕ ಉಳಿಸ್ಕೊಂಡು ಕುಂತೀರಿ. ಯಾಕರ ಹುಟ್ಟಿದಿ ಅಂತ ಹೆಸರಿಟ್ಟು ದಿನಾ ಕರದಿದ್ರ, ನೀವೂ ಅಳಸ್ತಿದ್ರಿ."

ಪಡಸಾಲೆಗೆ ಪಡಸಾಲೆಯೇ ಹೌಹಾರಿತು. ಅಕ್ಕಿ ಅಳಿಸಿದ್ದಕ್ಕಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ. ಒತ್ತಾಯ ಮಾಡಿದರೆ ಒಂದು ಒಡಪು ಕಟ್ಟಿ, ನಾಲ್ಕು ಸಾಲಿನ ನಡುವೆ ಬಚ್ಚಿಟ್ಟು, ನಾಚಿಕೊಂಡು ಹೇಳಬೇಕು. ನಾನು ಹೊಸ್ತಿಲು ದಾಟಿ ಒಂದು ಗಂಟೆಯೊಳಗೆ ಇಡೀ ಬಳಗದ ಎದುರು ಮುಖಕ್ಕೆ ಮುಖ ಕೊಟ್ಟು ಶೇಷಗಿರಿ ಎಂದುಬಿಟ್ಟಿದ್ದೆ. ಅತ್ತೆಯವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನನ್ನನ್ನು ಬಂದ ಬಸ್ಸಿನಲ್ಲೇ ವಾಪಸು ಕಳಿಸುತ್ತಾರೆ, ಅದೂ ಸಾಕವ್ವನಾಗಿಯೇ, ಎಂದುಕೊಂಡೆ.

ಮಾಸ್ತರು ಅಳಿಸಿದ ಅಕ್ಕಿಯನ್ನೇ ನೋಡುತ್ತ ಕೂತರು. ಕಿವಿ ಕೆಂಪಗಾಗಿತ್ತು. ಆಮೇಲೆ ಉಂಗುರವನ್ನು ನನ್ನ ಅಂಗೈಯಲ್ಲಿಟ್ಟು, ತಾಟನ್ನು ನನ್ನ ಕಡೆ ಸರಿಸಿದರು. "ನೀನ ಬರಿ" ಎಂದರು.

"ಆಕಿಗೆ ಬರಿಯಾಕ ಬರತದೇನೋ?" ಎಂದರು ಅತ್ತೆ.

ಬೂದಿಯಲ್ಲಿ, ರಂಗೋಲಿಯಲ್ಲಿ, ಜೋಳದ ಹಿಟ್ಟಿನಲ್ಲಿ ಬರೆದ ಕೈ ಅದು, ಬಾರದೆ ಏನು. ಪದ್ಮಾವತಿ ಎಂದು ಬರೆದೆ. ಮಾಸ್ತರರಷ್ಟು ದುಂಡಗೆ ಬರಲಿಲ್ಲ. ಅತ್ತೆಯವರು ಓದಿ ನೋಡಿ, ದೊಡ್ಡ ಉಸಿರು ಬಿಟ್ಟು, ಅಕ್ಕಿಯ ಮೇಲೆ ಅರಿಷಿಣ ಕುಂಕುಮ ಹಾಕಿದರು. ಗಂಡನ ಹೆಸರು ಹೇಳಿದ್ದನ್ನು ಯಾರೂ ಕೇಳಿಲ್ಲವೆಂದು ಎಲ್ಲರೂ ಸೇರಿ ತೀರ್ಮಾನ ಮಾಡಿಕೊಂಡ ಹಾಗೆ ಮಾತು ಬೇರೆ ಕಡೆ ತಿರುಗಿತು.

ಮಾಸ್ತರರಿಗೆ ಮಾತ್ರ ಸಮಾಧಾನವಿಲ್ಲ. ಆರತಿಯ ನಡುವೆ ನನ್ನ ಕಡೆ ವಾಲಿ, "ಕಡೀಕ ಎಲ್ಲಾರಂಗನ ಆತಲ್ಲ ಇದು?" ಎಂದರು. ಅವರ ಕಥೆಯ ಹುಡುಗ, ಎಲ್ಲರ ವಿರುದ್ಧ ಒಬ್ಬನೇ ನಿಲ್ಲುವವನು, ಅವರ ಕಣ್ಣ ಮುಂದೆ ಇದ್ದಿರಬೇಕು. ಆ ಹುಡುಗನಿಗೆ ಎಂಥ ಚಂದದ ಹೆಸರಿಟ್ಟಿದ್ದರು ಎಂದೀರಿ! ಮೊಮ್ಮಗಳ ಕಾದಂಬರಿಯಲ್ಲೂ ಹಾಗೇ. ಬೇರೆಯಾಗಿ ನಿಲ್ಲುವವರಿಗೆಲ್ಲ ಕೇಳಲು ಇಂಪಾದ ಹೆಸರು. ಅಂಥವರಿಗೆ ಏನು ಕಷ್ಟ, ನಿಲ್ಲಲಿ.

"ಹೌದ್ರೀ, ಎಲ್ಲಾರಂಗನ" ಎಂದೆ. "ಹಂಗನ ಬೇಕಾಗಿತ್ತು ನನಗ."

ಮರುದಿನ ಬೆಳಿಗ್ಗೆ ಕೊಡ ತೆಗೆದುಕೊಂಡು ಓಣಿಯ ಬಾವಿಗೆ ಹೋದೆ. ಹೆಂಗಸರು ಆಗಲೇ ಸೇರಿದ್ದರು. ಗುರುತಿಲ್ಲದ ಮುಖಗಳು. ತಿಮ್ಮಪ್ಪನ ಒಕ್ಕಲೇ ತುಂಬಿದ ಓಣಿ ಅದು. ಯಾವ ಮನೆಗೆ ಸೊಸೆ ಬಂದರೂ ಅತ್ತೆಯಂದಿರಿಗೆ ಹೊಳೆಯುವುದು ಅದೊಂದೇ ಹೆಸರಂತೆ. ನನಗಿದು ಗೊತ್ತಿರಲಿಲ್ಲ. ಬಾವಿಯ ಆ ಕಡೆಯಿಂದ ಯಾರೋ ಕೂಗಿದರು: "ಪದ್ಮಾ, ಹಗ್ಗ ಈ ಕಡೆ ಒಗಿಯವಾ!"

ಮೂವರು ಹೆಂಗಸರು ಒಟ್ಟಿಗೇ ತಿರುಗಿ ಓ ಎಂದರು. ಯಾರೂ ಯಾರನ್ನೂ ಎಷ್ಟನೆಯವಳೆಂದು ಕೇಳಲಿಲ್ಲ. ನಾನು ಕೊಡ ಕೆಳಗಿಟ್ಟು, ಅವರ ಜೊತೆ ಓ ಎಂದೆ.